ಇಂಗ್ಲಿಷ್ ಶಾಲೆ, ನಮ್ಮೂರ ಗಾರೆ

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಹಾದುಹೋಗುವ ಹೊರಊರಿನವರು ಬಿಷಪ್ ಕಾಟನ್ ಬಾಲಕರ ಶಾಲೆಯ ಮುಂದೆ ಒಂದು ಗಳಿಗೆಯಾದರೂ ನಿಲ್ಲುತ್ತಾರೆ. ವಿಶಾಲವಾದ ಆವರಣ, ಆಟದ ಮೈದಾನ, ಹಳೆಯ ಕಟ್ಟಡಗಳು, ಸೇಂಟ್ ಪೀಟರನ ಹೆಸರಿನ ಪ್ರಾರ್ಥನಾ ಮಂದಿರ. ಮಕ್ಕಳ ಕೈ ಹಿಡಿದು ನಿಂತ ತಂದೆತಾಯಿಗಳ ಮನಸ್ಸಿನಲ್ಲಿ ಆಗ ಏಳುವುದು ಒಂದೇ ಮಾತು: 'ಓದಿದರೆ ಇಂಥಲ್ಲಿ ಓದಬೇಕು.'

ಈ ಶಾಲೆ ಆರಂಭವಾದದ್ದು 1865ರಲ್ಲಿ. ದಂಡು ಪ್ರದೇಶದ ಯುರೋಪಿಯನ್ ಹಾಗೂ ಆಂಗ್ಲೋ-ಇಂಡಿಯನ್ ಮಕ್ಕಳಿಗಾಗಿ ಇದನ್ನು ತೆರೆದವರು ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟ್ಟಿಗ್ರೂ. ಶಾಲೆ ಹೊತ್ತಿರುವುದು ಕಲ್ಕತ್ತೆಯ ಬಿಷಪ್ ಆಗಿದ್ದು, 1866ರಲ್ಲಿ ನದಿಯಲ್ಲಿ ಮುಳುಗಿ ತೀರಿಕೊಂಡ ಜಾರ್ಜ್ ಕಾಟನ್ ಅವರ ಹೆಸರನ್ನು. ಈ ಕಾಟನ್ ಮೊದಲು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ಆಗ ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಾಲ್ಡ್ ಪ್ರಾರ್ಥನಾ ಮಂದಿರವನ್ನೇ ಶಾಲೆಯ ಹೃದಯವನ್ನಾಗಿ ಮಾಡಿದ್ದರು. ಪ್ರಾರ್ಥನೆಗೊಂದು ಮಂದಿರ, ಒಟ್ಟಾಗಿ ಉಣ್ಣಲು ಊಟದ ಮನೆ, ಸಾಲು ಮಂಚಗಳ ಮಲಗುವ ಕೋಣೆ, ನಡುವೆ ಆಟದ ಬಯಲು - ಹುಡುಗನ ದಿನಚರಿಯನ್ನೇ ಕಲ್ಲು-ಇಟ್ಟಿಗೆಯಲ್ಲಿ ಬರೆದಂತಿದ್ದ ಈ ನಕ್ಷೆ ಇಂಗ್ಲಿಷರ ಜೊತೆಯಲ್ಲೇ ಹಡಗು ಹತ್ತಿ ಭಾರತಕ್ಕೆ ಬಂತು. ಬೆಂಗಳೂರಿನಲ್ಲಷ್ಟೇ ಅಲ್ಲ, ಉದಕಮಂಡಲದ ಹತ್ತಿರದ ಲವ್‌ಡೇಲಿನಲ್ಲೂ ಅದನ್ನು ಕಾಣಬಹುದು. 1858ರಲ್ಲಿ ಬ್ರಿಟಿಷ್ ಸಿಪಾಯಿಗಳ ಅನಾಥ ಮಕ್ಕಳಿಗಾಗಿ ಹುಟ್ಟಿದ ಅಲ್ಲಿನ ಲಾರೆನ್ಸ್ ಶಾಲೆಗೆ ಗಡಿಯಾರದ ಗೋಪುರವುಳ್ಳ ಕಟ್ಟಡವನ್ನು ರೂಪಿಸಿದವರು ರಾಬರ್ಟ್ ಚಿಸಂ ಎಂಬ ವಾಸ್ತುಶಿಲ್ಪಿ.

ನಕ್ಷೆಯೇನೋ ಇಂಗ್ಲೆಂಡಿನದು. ಆದರೆ ಬಿಸಿಲು? ಇಲ್ಲಿಯೇ ಇರುವುದು ಸ್ವಾರಸ್ಯ.

ರಗ್ಬಿ ಊರು ಇರುವುದು ಸುಮಾರು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಚಳಿಗಾಲದ ಸೂರ್ಯ ದಿಗಂತದಿಂದ ಹೆಚ್ಚು ಮೇಲೇರುವುದೇ ಇಲ್ಲ. ಆದ್ದರಿಂದ ಅಲ್ಲಿನ ಕಟ್ಟಡ ಬಿಸಿಲನ್ನು ಒಳಗೆ ಕರೆದುಕೊಳ್ಳಬೇಕು, ಶಾಖವನ್ನು ಹೊರಗೆ ಬಿಡಬಾರದು. ಬೆಂಗಳೂರಿರುವುದು 13 ಡಿಗ್ರಿಯಲ್ಲಿ. ಇಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಅಲ್ಲಿಯ ಕಟ್ಟಡವನ್ನು ಹಾಗೆಯೇ ಇಲ್ಲಿಟ್ಟಿದ್ದರೆ ಮಕ್ಕಳು ಬೆಂದುಹೋಗುತ್ತಿದ್ದರು. ಆ ಕಾಲದ ಬೆಂಗಳೂರಿನ ಕಟ್ಟಡಗಳು ಆದಕಾರಣ ನಮ್ಮ ಬಿಸಿಲಿಗೆ ಬಗ್ಗಬೇಕಾಯಿತು. ಗೋಡೆಗೆ ನೇರ ಬಿಸಿಲು ತಾಗದಂತೆ ಸುತ್ತಲೂ ಅಗಲವಾದ ಜಗುಲಿ ಬಂತು. ಮೇಲೇರಿದ ಬಿಸಿ ಗಾಳಿ ಮಕ್ಕಳ ತಲೆಗೆ ತಾಗದಂತೆ ಸೂರು ಎತ್ತರವಾಯಿತು. ಆ ಗಾಳಿ ಹೊರಗೆ ಹೋಗಲು ಸೂರಿನ ಕೆಳಗೇ ಬೆಳಕಿಂಡಿಗಳು ಬಂದವು. ಒಂದೂವರೆ ಅಡಿ ದಪ್ಪದ ಗೋಡೆಯನ್ನು ಹಾದು ಶಾಖ ಒಳಗೆ ಬರಲು ಸುಮಾರು ಹತ್ತು ಗಂಟೆ ಬೇಕು. ಮಧ್ಯಾಹ್ನದ ಕಾವು ಒಳಗೆ ಮುಟ್ಟುವ ಹೊತ್ತಿಗೆ ಹೊರಗೆ ರಾತ್ರಿಯ ತಂಗಾಳಿ ಬೀಸುತ್ತಿರುತ್ತದೆ!

ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಹುಡುಗನೊಬ್ಬ ರಜೆಯಲ್ಲಿ ಬೆಂಗಳೂರಿನ ಮಾವನ ಮನೆಗೆ ಹೋಗಿ ಬಂದ. ಬಂದವನು ಈ ಶಾಲೆಯ ಗುಂಗಿನಲ್ಲೇ ಇದ್ದ. 'ಅದು ಶಾಲೆ ಅಂದ್ರೆ! ನಮ್ಮದೂ ಒಂದು ಊರಾ, ನಮ್ಮದೂ ಒಂದು ಮನೆಯಾ' ಎಂದು ಮೂಗು ಮುರಿದ. ಜಗುಲಿಯ ಮೇಲೆ ಕುಳಿತಿದ್ದ ಅಜ್ಜ, ಹರೆಯವೆಲ್ಲ ಗಾರೆ ಕೆಲಸದಲ್ಲಿ ಕಳೆದವರು, ಸುಮ್ಮನೆ ಕೇಳಿದರು: 'ಗೋಡೆ ಎಷ್ಟು ದಪ್ಪ ಐತೆ? ಜಗಲಿ ಯಾವ ದಿಕ್ಕಿಗೈತೆ? ಕಮಾನು ಇಟ್ಟಿಗೇದೋ ಕಲ್ಲಿಂದೋ?' ಹುಡುಗ ತಡವರಿಸಿದ. 'ಅದನ್ನೆಲ್ಲ ನೋಡಲಿಲ್ಲ ಅಜ್ಜ.' 'ಹಂಗಾರೆ ಏನ್ ನೋಡ್ಕಂಡು ಬಂದ್ಯೋ ಮಗಾ? ಆ ಕಾಲದಾಗೆ ಸಿಮೆಂಟು ಎಲ್ಲಿತ್ತು? ಸುಣ್ಣ, ಮರಳು, ಇಟ್ಟಿಗೆ ಪುಡಿ. ಎತ್ತು ಕಟ್ಟಿ ಗಾಣದಾಗೆ ಅರೀತಿದ್ರು. ನಮ್ಮ ಗಾರೇನೇ ಅದು.'

ಅಜ್ಜ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ನಕ್ಷೆ ಬರೆದವರು ಇಂಗ್ಲಿಷರಾದರೂ ಇಟ್ಟಿಗೆ ಸುಟ್ಟವರು, ಗಾರೆ ಅರೆದವರು, ಕಮಾನು ತಿರುಗಿಸಿದವರು ನಮ್ಮವರೇ. ಸುಣ್ಣದ ಗಾರೆಯ ಗುಣವೂ ಅಪರೂಪದ್ದು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಮತ್ತೆ ಸುಣ್ಣಕಲ್ಲಾಗುತ್ತದೆ. ಅಂದರೆ ಹಳೆಯದಾದಂತೆಲ್ಲ ಗಟ್ಟಿಯಾಗುತ್ತದೆ. ಚರ್ಚು, ಪ್ರಾರ್ಥನಾ ಮಂದಿರಗಳ ಕಿಟಕಿಯ ಬಣ್ಣದ ಗಾಜನ್ನು ಕಂಡು ಬೆರಗಾಗುವ ಹುಡುಗ ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮತ್ತೋಡಿಗೂ ಬಂದಿದ್ದ. ಇಲ್ಲಿನ ಕುಲುಮೆಗಳಲ್ಲಿ ಸೌಳು ಮಣ್ಣಿನಿಂದ ಗಾಜು ಕರಗಿಸಿ ಬಳೆ ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟ. ಗಾಜಿಗೆ ಲೋಹದ ಅಂಶ ಬೆರೆಸಿ ಬಣ್ಣ ಬರಿಸುವ ವಿದ್ಯೆ ಕಿಟಕಿಗೂ ಒಂದೇ, ಬಳೆಗೂ ಒಂದೇ.

ಹಾಗೆಂದು ಆ ಶಾಲೆಯ ಹಿರಿಮೆ ಕಡಿಮೆಯೇನಲ್ಲ. 1871ರಿಂದ ಕೆಲಕಾಲ ಅದರ ಮುಖ್ಯಸ್ಥರಾಗಿದ್ದ ಜಿ.ಯು. ಪೋಪ್ ಮುಂದೆ 1886ರಲ್ಲಿ ತಿರುಕ್ಕುರಳನ್ನು ಇಂಗ್ಲಿಷಿಗೆ ತಂದರು. ಜನರಲ್ ತಿಮ್ಮಯ್ಯ ಓದಿದ್ದು ಅಲ್ಲಿ. ಮತ್ತೋಡಿಗೆ ದೂರವಲ್ಲದ ತಿಪಟೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಕೂಡ ಅಲ್ಲಿಯೇ ಓದಿದವರು. ಒಳ್ಳೆಯ ಕಟ್ಟಡ, ಒಳ್ಳೆಯ ಗುರುಗಳು ಮಕ್ಕಳಿಗೆ ಸಿಗುವುದು ಭಾಗ್ಯವೇ ಸರಿ. ಆದರೆ ಅಂಥ ಕಟ್ಟಡವನ್ನು ಕಂಡು ತನ್ನ ಮನೆಯ ಬಗ್ಗೆ ನಾಚುವ ಮಗು ಕಲಿತದ್ದೇನು? ಕಟ್ಟಡವನ್ನೂ ಅದು ನೋಡಲಿಲ್ಲ, ಮನೆಯನ್ನೂ ನೋಡಲಿಲ್ಲ.

ಈ ಮಾತು ಬರೀ ಅಭಿಮಾನದ್ದಲ್ಲ, ನಷ್ಟದ್ದು. ಆ ಹುಡುಗನ ತಂದೆ ಹಳೆಯ ಮಾಳಿಗೆ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಲು ಲೆಕ್ಕ ಹಾಕುತ್ತಿದ್ದರು. ಹೊಸ ಮನೆ ಬೇಕಾದದ್ದೇ. ಮಳೆಗೆ ಸೋರುವ ಮಾಳಿಗೆಯಲ್ಲಿ ಬಾಳಿದವರಿಗೆ ಅದರ ಕಷ್ಟ ಗೊತ್ತು. ಆದರೆ ನಾಲ್ಕೂವರೆ ಇಂಚಿನ ಗೋಡೆ, ಜಗುಲಿಯಿಲ್ಲದ ಮುಂಭಾಗ, ಬೆಳಕಿಂಡಿಯಿಲ್ಲದ ಕೋಣೆ - ಇದು ಇಂಗ್ಲಿಷ್ ಶಾಲೆಯ ವಿದ್ಯೆಯೂ ಅಲ್ಲ, ಅಜ್ಜನ ವಿದ್ಯೆಯೂ ಅಲ್ಲ. ಚಿತ್ರದುರ್ಗ ಸೀಮೆಯ ಏಪ್ರಿಲ್ ತಿಂಗಳಲ್ಲಿ ಅಂಥ ಕೋಣೆಯಲ್ಲಿ ಕುಳಿತು ಪರೀಕ್ಷೆಗೆ ಓದಬೇಕಾದವನು ಆ ಹುಡುಗನೇ.

ಪೋಷಕರು ಮನೆ ಕಟ್ಟುವ ಮುನ್ನ ಮಕ್ಕಳಿಗೊಂದು ಕೆಲಸ ಕೊಡಬಹುದು. ಅಂಗಡಿಯಿಂದ ಎರಡು ಉಷ್ಣಮಾಪಕ ತಂದು, ಒಂದನ್ನು ಹಳೆಯ ದಪ್ಪಗೋಡೆಯ ಪಡಸಾಲೆಯಲ್ಲಿ, ಇನ್ನೊಂದನ್ನು ನೆರೆಯ ಶೀಟಿನ ಕೋಣೆಯಲ್ಲಿ ತೂಗುಹಾಕಲಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಒಂದು ವಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಮೇಲೆ ಆ ಪುಟವನ್ನು ಮನೆ ಕಟ್ಟುವ ಮೇಸ್ತ್ರಿಯ ಮುಂದಿಟ್ಟು, ಗೋಡೆ ಎಷ್ಟು ದಪ್ಪ ಬೇಕು, ಸೂರು ಎಷ್ಟು ಎತ್ತರ ಬೇಕು ಎಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಲಿ.