ಬಂದೂಕಿನ ಕುದುರೆ

ಹೆಂಗಸರಿಗೆ ಬಂದೂಕಿನ ಉಸಾಬರಿ ಯಾಕೆ ಎಂದು ಬಯಲುಸೀಮೆಯ ಗೆಳತಿಯರು ನನ್ನನ್ನು ಕೇಳುವುದುಂಟು. ನಾನು ಹುಟ್ಟಿದ್ದೂ ಮದುವೆಯಾಗಿ ಸೇರಿದ್ದೂ ಕೊಡಗಿನ ಮನೆಗಳನ್ನೇ. ಸೆಪ್ಟೆಂಬರ್ 3ರ ಕೈಲ್‌ಪೋದ್ ಹಬ್ಬಕ್ಕೆ ಬಂದೂಕು ಒರೆಸಿ, ತೋಕ್‌ಪೂ ಸಿಕ್ಕಿಸಿ ಪೂಜೆಗಿಡುತ್ತೇವೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವುದರಲ್ಲಿ ಹೆಂಗಸರೂ ಹಿಂದಿಲ್ಲ. ಕೊಡವರಿಗೆ ಬಂದೂಕಿನ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಎಚ್ಚರಿಕೆಯಿಂದ ಮಾತ್ರ ಯಾರಿಗೂ ವಿನಾಯಿತಿಯಿಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ.

ನನ್ನ ಗುಂಡು ಪ್ರತಿವರ್ಷವೂ ಕಾಯಿಯ ಬಲಕ್ಕೇ ಹೋಗುತ್ತಿತ್ತು. ನಮ್ಮ ಪಾಯಿಂಟ್ ಟೂಟೂ ರೈಫಲ್ಲಿನ ಕುದುರೆ, ಅಂದರೆ ಟ್ರಿಗರ್, ಬಲು ಬಿಗಿ. ಎಳೆಯಲು ಬೆರಳಿನ ಜೊತೆ ಇಡೀ ಅಂಗೈ ಬಿಗಿಯುತ್ತಿತ್ತು, ನಳಿಗೆ ವಾಲುತ್ತಿತ್ತು. ತುದಿ ಒಂದು ಮಿಲಿಮೀಟರ್ ಸರಿದರೆ ಸಾಕು, 50 ಮೀಟರ್ ದೂರದಲ್ಲಿ ಗುಂಡು ಸುಮಾರು 5 ಸೆಂಟಿಮೀಟರ್ ತಪ್ಪುತ್ತದೆ.

"ಇಷ್ಟೇ ತಾನೇ ಅಕ್ಕ, ಹಗುರ ಮಾಡಿಕೊಡ್ತೇನೆ" ಎಂದು ತಮ್ಮ ಅರ ತಂದು ಒಳಗಿನ ಕೊಕ್ಕೆಯನ್ನು ಉಜ್ಜಿದ. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಆ ಹಬ್ಬದಲ್ಲಿ ಎರಡು ಕಾಯಿ ಒಡೆದೆ! ಮೂರನೆಯದಕ್ಕೆ ಗುಂಡು ತುಂಬಿದ್ದೆ. ಯಾರೋ ಕರೆದರೆಂದು ಹಿಡಿಯನ್ನು ಜಗಲಿಗೆ ಊರಿದೆ. ಢಂ ಎಂದಿತು. ಸೂರಿನ ಹೆಂಚು ಒಡೆದು ಕೆಳಗೆ ಬಿತ್ತು. ಅರೆಗಳಿಗೆ ಮೊದಲು ತಮ್ಮನ ಮಗಳು ಅದೇ ನಳಿಗೆಯ ಮೇಲೆ ಬಗ್ಗಿ ನೋಡುತ್ತಿದ್ದಳು.

ಆ ರಾತ್ರಿ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ತುಂಬಿದ ಬಂದೂಕನ್ನು ಹಾಗೆ ಊರಿದ ತಪ್ಪು ನನ್ನದೇ.

ಮರುವಾರ ಬಂದೂಕು ರಿಪೇರಿ ಮಾಡುವ ಹಿರಿಯರ ಬಳಿಗೆ ಹೋದೆವು. ಗುಂಡಿನ ಬೆನ್ನಿಗೆ ಬಡಿಯುವ ಸೂಜಿಯನ್ನು ಆ ಪುಟ್ಟ ಕೊಕ್ಕೆ ತಡೆದು ಹಿಡಿದಿರುತ್ತದಂತೆ. ಉಜ್ಜಿದರೆ ಹಿಡಿತದ ಅಂಚೂ ಸವೆಯುತ್ತದೆ, ಉಕ್ಕಿನ ಗಟ್ಟಿ ಹೊರಪದರವೂ ಹೋಗುತ್ತದೆ. ಆಮೇಲೆ ಕುಲುಕಿದರೂ ಜಾರುತ್ತದೆ. ಅವರು ಟ್ರಿಗರ್ ಜೋಡಣೆಯನ್ನೇ ಪೂರ್ತಿ ಬದಲಾಯಿಸಿದರು. ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ತೋರಿಸಿದಾಗ ಒಂದೂವರೆ ಕಿಲೋ ಬಂತು. ನಂತರ ಖಾಲಿ ರೈಫಲ್ಲನ್ನು ಎಳೆದಿಟ್ಟು, ರಬ್ಬರ್ ಸುತ್ತಿಗೆಯಿಂದ ಹಿಡಿಗೆ ಮತ್ತೆ ಮತ್ತೆ ಬಡಿದರು. ಸೂಜಿ ಕದಲಲಿಲ್ಲ.

"ಮೊದಲು ಹಿಡಿತ ಟೀಚರೇ, ಹಗುರ ಆಮೇಲೆ" ಎಂದರು.

ಈಗ ಗುಂಡು ಬಹುಪಾಲು ಕಾಯಿಗೇ ತಾಗುತ್ತದೆ. ಸೂರಿನಲ್ಲಿ ಹಳೆಯ ಹೆಂಚುಗಳ ನಡುವೆ ಹೊಸದೊಂದು ಕೆಂಪಗೆ ಕಾಣುತ್ತದೆ. ಬಂದೂಕು ಮುಟ್ಟುವ ಮೊದಲು ಒಮ್ಮೆ ಅದನ್ನು ನೋಡಿಕೊಳ್ಳುತ್ತೇನೆ.