ಸೆಂಟ್ರಲ್ ಕಾಲೇಜಿನ ಮುಂದೆ ಒಂದು ಗಳಿಗೆ

ಮಲ್ಲೇಶ್ವರದಲ್ಲಿ ಸೀರೆ, ಗಾಂಧಿ ಬಜಾರಿನಲ್ಲಿ ಹೂವು ಕೊಂಡು ಊರಿಗೆ ಹೊರಡುವ ಸೋದರಿಯರೇ, ನಡುವೆ ಮೈಸೂರು ಬ್ಯಾಂಕ್ ವೃತ್ತದ ಬಳಿ ಒಂದು ಗಳಿಗೆ ನಿಲ್ಲಿ. 1858ರ ಸೆಂಟ್ರಲ್ ಕಾಲೇಜು ಅಲ್ಲಿದೆ. ಈಗ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಮೊದಲ ತರಗತಿಗಳು ನಡೆದದ್ದು ಈ ಆವರಣದಲ್ಲೇ.

ಅದೇ ಕಾನೂನು ಶಾಲೆ 2015ರಲ್ಲಿ ವಿದ್ಯಾರ್ಥಿಯೊಬ್ಬರ ಕೋರಿಕೆಗೆ ಒಪ್ಪಿ, ಪ್ರಮಾಣಪತ್ರದಲ್ಲಿ ಹೆಸರಿನ ಮುಂದೆ ಶ್ರೀ, ಕುಮಾರಿ ಎರಡನ್ನೂ ಬಿಟ್ಟು, ಗಂಡು ಹೆಣ್ಣೆಂದು ಸೂಚಿಸದ ‘ಮಿಕ್ಸ್’ ಎಂಬ ಪದ ಹಾಕಿಕೊಟ್ಟಿತು. ಒಂದು ಪದ ತಾನೇ ಅಂತೀರಾ? ಕೆಲಸ ಕೇಳಲು ಹೋದಲ್ಲೆಲ್ಲ ಆ ಕಾಗದ ತೋರಿಸಬೇಕಲ್ಲ!

ಅದರ ಹಿಂದಿನ ವರ್ಷವೇ, ತೃತೀಯ ಲಿಂಗಿಗಳಿಗೆ ಶಿಕ್ಷಣದಲ್ಲಿ ಮೀಸಲಾತಿ ಕೊಡಿ ಎಂದು ಸುಪ್ರೀಂ ಕೋರ್ಟು ಸರ್ಕಾರಗಳಿಗೆ ಹೇಳಿತ್ತು. 2022ರಲ್ಲಿ ಕೇಂದ್ರದ ‘ಸ್ಮೈಲ್’ ಯೋಜನೆ 9ನೇ ತರಗತಿಯಿಂದಲೇ ಅವರಿಗೆ ವಿದ್ಯಾರ್ಥಿವೇತನ ಸೇರಿಸಿತು.

ಆದರೆ ಇದೆಲ್ಲ ಓದು ಬಿಡದ ಮಗುವಿಗೆ. ನಡಿಗೆ ನೋಡಿ ನೆಂಟರು ನಕ್ಕರು ಅಂತ ಮನೆಯಿಂದ ಅಟ್ಟಿದ ಮಗು ಯಾವ ಕಾಲೇಜಿನ ಗೇಟು ದಾಟೀತು, ಹೇಳಿ? ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದರೆ ಹೊತ್ತಿಗೆ ಊಟ ಹಾಕಿ, ಪರೀಕ್ಷೆಯ ಫೀಸು ಕಟ್ಟಿ, ಅಂಕಪಟ್ಟಿ ಜೋಪಾನವಾಗಿಡಿ. ಉಳಿದದ್ದನ್ನು ಅದು ಓದಿ ಗಳಿಸಿಕೊಳ್ಳುತ್ತೆ.