ಮೂರು ಊರಿಗೊಂದು ಬೀಜದ ಬುಟ್ಟಿ



ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಚರ್ಚ್ ಹಾಲ್‌ಗಳಲ್ಲಿ ಕಂಪ್ಯೂಟರ್ ಕೋಣೆ ಹೇಗೆ ಮಾಡಿದಿರಿ ಎಂದು ಹಲವರು ಕೇಳುತ್ತಿದ್ದೀರಿ. ಕೆಲಸದ ವಿವರದ ಜೊತೆಗೆ ನಮ್ಮೊಳಗೆ ನಡೆದ ಒಂದು ಚರ್ಚೆಯನ್ನೂ ಇಲ್ಲಿ ಹೇಳುತ್ತೇವೆ.

ದಾನವಾಗಿ ಬಂದವು ಹಳೆಯ ಯಂತ್ರಗಳು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಇವುಗಳಲ್ಲಿಲ್ಲ. ಹಾಗಾಗಿ ಡೆಬಿಯನ್ ಲಿನಕ್ಸ್ ಆರಿಸಿಕೊಂಡೆವು. 1993ರಿಂದ ಸ್ವಯಂಸೇವಕರು ಕಟ್ಟುತ್ತಾ ಬಂದಿರುವ ಇದು ಎಲ್ಲರಿಗೂ ಉಚಿತ.

ಒಂದೊಂದು ಯಂತ್ರಕ್ಕೂ ಪೆನ್‌ಡ್ರೈವ್ ಚುಚ್ಚಿ ಕೂತರೆ ದಿನಗಟ್ಟಲೆ ಬೇಕು, ಒಂದರಂತೆ ಇನ್ನೊಂದು ಇರುವುದೂ ಇಲ್ಲ. ನಾವು ಜಹೀರಾಬಾದಿನಲ್ಲಿ ಒಂದು ಭಂಡಾರ ಮಾಡಿದೆವು. ನಮ್ಮ ಪಕ್ಕದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ಜೋಳ, ನವಣೆ, ತೊಗರಿಯ ಬೀಜ ಕಾಯುವುದನ್ನು ನೀವೆಲ್ಲ ಬಲ್ಲಿರಿ. 2019ರಲ್ಲಿ ಅವರ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು. ಬೂದಿ, ಬೇವಿನ ಎಲೆ ಹಾಕಿಟ್ಟ ಬುಟ್ಟಿಯಲ್ಲಿ ಏನಿದೆಯೋ ಹೊಲದಲ್ಲಿ ಅದೇ ಬೆಳೆಯುತ್ತದೆ. ನಮ್ಮ ಭಂಡಾರವೂ ಅಂಥ ಬುಟ್ಟಿಯೇ.

ಅದರಲ್ಲಿ ಮೂರು ವಸ್ತುಗಳಿವೆ: ಡೆಬಿಯನ್‌ನ ಇನ್‌ಸ್ಟಾಲ್ ಇಮೇಜ್, ಬೇಕಾದ ತಂತ್ರಾಂಶಗಳ ಪ್ಯಾಕೇಜ್‌ಗಳು, ಮತ್ತು ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳ ಕಡತ. ಈ ಕಡತಕ್ಕೆ ಪ್ರಿಸೀಡ್ ಎನ್ನುತ್ತಾರೆ. ಹೊಸ ಯಂತ್ರ ಚಾಲೂ ಆದಾಗ ತನ್ನ ನೆಟ್‌ವರ್ಕ್ ಕಾರ್ಡ್ ಮೂಲಕ ವಿಳಾಸ ಕೇಳುತ್ತದೆ. ಸರ್ವರ್ ವಿಳಾಸ ಕೊಟ್ಟು, ಯಾವ ಕಡತದಿಂದ ಶುರು ಮಾಡಬೇಕೆಂದೂ ತಿಳಿಸುತ್ತದೆ. ಆಮೇಲೆ ಇನ್‌ಸ್ಟಾಲರ್ ಉಳಿದದ್ದನ್ನು ಭಂಡಾರದಿಂದಲೇ ಎಳೆದುಕೊಳ್ಳುತ್ತದೆ. ಇದೇ ಪಿಎಕ್ಸ್‌ಇ ಬೂಟ್.

ಎರಡು ಎಚ್ಚರಿಕೆ ಬೇಕೇ ಬೇಕು. ಹಾಲ್‌ನ ವೈಫೈ ರೂಟರ್ ಕೂಡ ವಿಳಾಸ ಹಂಚುತ್ತಿರುತ್ತದೆ. ಇಬ್ಬರು ಹಂಚಿದರೆ ಗೊಂದಲ. ಆದ್ದರಿಂದ ಬೇರೆ ಸ್ವಿಚ್ ಇಟ್ಟು ಕೆಲಸ ಮಾಡಿ. ಇನ್ನೊಂದು, ಉತ್ತರ ಕಡತ ಹಾಗೆಂದು ಹೇಳಿದ್ದರೆ ಇನ್‌ಸ್ಟಾಲರ್ ಯಾರನ್ನೂ ಕೇಳದೆ ಡಿಸ್ಕ್ ಅಳಿಸಿಬಿಡುತ್ತದೆ. ಮೊದಲು ಹಳೆಯ ಫೋಟೊ, ಸಭೆಯ ಲೆಕ್ಕ, ದೀಕ್ಷಾಸ್ನಾನದ ದಾಖಲೆ ಎಲ್ಲವನ್ನೂ ಬೇರೆ ಕಡೆ ಉಳಿಸಿಕೊಳ್ಳಿ.

ಇಮೇಜ್ ಇಳಿಸಿಕೊಳ್ಳುವಾಗ ಕರೆಂಟ್ ಎರಡು ಸಲ ಹೋಯಿತು. ಸುಮಾರು 4 ಜಿಬಿ ಇಳಿದ ಮೇಲೆ ಚೆಕ್‌ಸಮ್ ಲೆಕ್ಕ ಹಾಕಿದೆವು. ಡೆಬಿಯನ್ ಪ್ರಕಟಿಸಿದ 64 ಅಕ್ಷರಗಳ ಸಾಲಿಗೂ ನಮ್ಮದಕ್ಕೂ ತಾಳೆಯಾಗಲಿಲ್ಲ. "ಇಷ್ಟೆಲ್ಲ ಇಳಿದೈತಲ್ಲ, ಹಾಕಿ ನೋಡೋಣು" ಎಂದರು ಕೆಲವರು. ಒಂದೇ ಬಿಟ್ ಬದಲಾದರೂ ಆ ಸಾಲು ಪೂರ್ತಿ ಬದಲಾಗುತ್ತದೆ, ಎಲ್ಲಿ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಒಂದು ಯಂತ್ರದಲ್ಲಿ ಕೆಟ್ಟದ್ದು ಒಂದೇ ಯಂತ್ರದ ಕಷ್ಟ; ಭಂಡಾರದಲ್ಲಿ ಕೆಟ್ಟದ್ದು ಮೂರು ಊರಿನ ಕಷ್ಟ. ಅಳಿಸಿ ಮತ್ತೆ ಇಳಿಸಿದೆವು. ಈ ಸಲ ಸಾಲು ಕೂಡಿತು. ಡೆಬಿಯನ್‌ನ ಡಿಜಿಟಲ್ ಸಹಿಯನ್ನೂ ಪರೀಕ್ಷಿಸಿದ ಮೇಲೆಯೇ ಭಂಡಾರಕ್ಕೆ ಸೇರಿಸಿದೆವು.

ಚರ್ಚೆ ನಡೆದದ್ದು ಉತ್ತರ ಕಡತದ ಒಂದು ಸಾಲಿನ ಬಗ್ಗೆ: ಯಾವ ಭಾಷೆಗಳನ್ನು ಸೇರಿಸಬೇಕು? ಹಿರಿಯರೊಬ್ಬರು ಕೇಳಿದರು, "ಕನ್ನಡ ಹಾಕಿ ಏನ್ ಮಾಡ್ತೀರಪಾ? ಸಾಲ್ಯಾಗ ಹುಡುಗರು ತೆಲುಗು, ಇಂಗ್ಲಿಷೇ ಓದ್ತಾರ. ಬೇಕಾದವರು ಆಮ್ಯಾಲೆ ಹಾಕ್ಕೊಳ್ಲಿ."

ಅವರ ಮಾತಿನಲ್ಲಿ ನಿಜವಿದೆ. ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ್, ಗುಲ್ಬರ್ಗಾ ಜಿಲ್ಲೆಯ ತಾಂಡೂರು 1956ರ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಸೇರಿದವು. ಈಗ ತೆಲಂಗಾಣ. ಮಕ್ಕಳ ಅನ್ನದ ದಾರಿ ಈ ಊರಿನ ಭಾಷೆಯಲ್ಲೇ ಇದೆ. ಆದರೆ "ಆಮೇಲೆ" ಎಂಬುದು ಇಂಥ ಕೋಣೆಯಲ್ಲಿ ಬರುವುದಿಲ್ಲ. ಹೊಸ ತಂತ್ರಾಂಶ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಮಕ್ಕಳ ಕೈಯಲ್ಲಿರುವುದಿಲ್ಲ. ಬುಟ್ಟಿಯಲ್ಲಿಲ್ಲದ ಕಾಳು ಹೊಲದಲ್ಲಿ ಹುಟ್ಟೀತೇ? ಮನೆಯಲ್ಲಿ ಅಜ್ಜಿಯ ಜೊತೆ ಕನ್ನಡ ಮಾತಾಡುವ ಹುಡುಗಿ ಕೀಬೋರ್ಡ್ ಮುಂದೆ ಕೂತು ಕನ್ನಡ ಕಾಣದಿದ್ದರೆ, ಇದು ಕಂಪ್ಯೂಟರಿನ ಭಾಷೆಯಲ್ಲ ಎಂದುಕೊಂಡು ಎದ್ದುಹೋಗುತ್ತಾಳೆ. ಯಾರೂ ಬೇಡ ಎನ್ನದೆಯೇ ಭಾಷೆ ಬಿಟ್ಟುಹೋಗುತ್ತದೆ.

ಕೊನೆಗೆ ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ನಾಲ್ಕನ್ನೂ ಸೇರಿಸಿದೆವು. ಕನ್ನಡಕ್ಕೆ ಅಕ್ಷರಗಳೂ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಕೀಲಿಮಣೆಗಳೂ ಡೆಬಿಯನ್‌ನಲ್ಲೇ ಸಿಗುತ್ತವೆ. ಖರ್ಚು ಒಂದು ರೂಪಾಯಿಯೂ ಇಲ್ಲ. ಪ್ರಶ್ನೆ ಕೇಳಿದ ಹಿರಿಯರೇ ಈಗ ತಮ್ಮ ಕೈಬರಹದ ಹಾಡಿನ ನೋಟ್‌ಬುಕ್ ತಂದು ಹುಡುಗರ ಹತ್ತಿರ ಟೈಪ್ ಮಾಡಿಸುತ್ತಿದ್ದಾರೆ.

ನಾರಾಯಣಖೇಡಕ್ಕೆ ರೈಲಿಲ್ಲ, ಇಂಟರ್‌ನೆಟ್ಟೂ ನಿಧಾನ. ಆದ್ದರಿಂದ ತಿಂಗಳಿಗೊಮ್ಮೆ ಭಂಡಾರದ ಹೊಸ ಪ್ರತಿ ಹಾರ್ಡ್‌ಡಿಸ್ಕಿನಲ್ಲಿ ಬಸ್ಸೇರುತ್ತದೆ, ತಾಂಡೂರಿಗೂ ಹಾಗೆಯೇ. ಅಲ್ಲಿ ಇಳಿಸಿದ ಮೇಲೆ ಮತ್ತೆ ಚೆಕ್‌ಸಮ್ ನೋಡುತ್ತೇವೆ. ಭದ್ರತೆಯ ಅಪ್‌ಡೇಟ್‌ಗಳು ಬರುತ್ತಲೇ ಇರುವುದರಿಂದ ಈ ಕೆಲಸ ನಿಲ್ಲುವಂತಿಲ್ಲ, ಕೈಗಳು ಬೇಕು. ನಿಮ್ಮ ಊರಿನಲ್ಲೂ ಇಂಥ ಕೋಣೆ ಮಾಡುವ ಮನಸ್ಸಿದ್ದರೆ ಒಂದು ಖಾಲಿ ಹಾರ್ಡ್‌ಡಿಸ್ಕ್ ತನ್ನಿ, ಜೊತೆಗೆ ಕಲಿಯುವ ಇಬ್ಬರನ್ನು ಕರೆತನ್ನಿ. ಬರುವ ಮುಂಚೆ ನಿಮ್ಮ ಮನೆಗಳಲ್ಲಿ ಯಾವ ಯಾವ ಭಾಷೆ ಆಡುತ್ತಾರೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಒಂದು ಸಾಲನ್ನು ಮೊದಲು ತುಂಬೋಣ.